ಸೋತ ಟೀಮಿನ ಆಟಕ್ಕೆ ಹೋಗೋದಾ ಅಂತ ಕೇಳಿದ್ದೀಯ

ಅಣ್ಣಾ ಅಂತ ಕರೆದಿದ್ದೀಯ, ಹಾಗಾಗಿ ಸಲುಗೆಯಿಂದಲೇ ಹೇಳ್ತೀನಿ: ಹೋಗು.

ಆಫೀಸಿನವರು ಪಿಟ್ಸ್‌ಬರ್ಗ್‌ನ ಬೇಸ್‌ಬಾಲ್ ಟೀಮು ಪೈರೇಟ್ಸ್ ಆಟಕ್ಕೆ ಕರೆದಿದ್ದಾರೆ, ಸೆಪ್ಟೆಂಬರ್ ಕೊನೆ, ಟೀಮು ಆಗಲೇ ಸೋತು ಸುಣ್ಣವಾಗಿದೆ, ಬೇಸ್‌ಬಾಲಿನ ತಲೆಬುಡ ಗೊತ್ತಿಲ್ಲ, ಅಲ್ಲಿ ಕೂತು ಏನು ಮಾಡಲಿ ಅಂತ ನಿನ್ನ ಪ್ರಶ್ನೆ. ಜೊತೆಗೇ, ಪಿಟ್ಸ್‌ಬರ್ಗ್‌ಗೆ ಬಂದಾಗಿನಿಂದ ಇಲ್ಲಿಯವರ ಹತ್ತಿರ ಮಳೆ-ಚಳಿ ಬಿಟ್ಟು ಬೇರೆ ಮಾತೇ ಹುಟ್ಟಲ್ಲ ಅಂತಲೂ ಬರೆದಿದ್ದೀಯ. ನೋಡು, ಟೀಮು ಗೆಲ್ತಿರುವಾಗ ಹೋದರೆ ಎಲ್ಲರ ಕಣ್ಣೂ ಮೈದಾನದ ಮೇಲೇ ಇರುತ್ತೆ. ಸೋತ ಸೀಸನ್ನಿನ ಕೊನೇ ವಾರ ಬಂದು ಕೂರೋರಿಗೆ ಮಾತಾಡೋಕೆ ಪುರುಸೊತ್ತಿರುತ್ತೆ.

2012ರ ಸೆಪ್ಟೆಂಬರ್ 28, ಶುಕ್ರವಾರ ರಾತ್ರಿ ನಾನು ಪೈರೇಟ್ಸ್ ಮೈದಾನ ಪಿಎನ್‌ಸಿ ಪಾರ್ಕ್‌ನಲ್ಲಿದ್ದೆ. ಆ ವರ್ಷ ಆಗಸ್ಟ್ ಶುರುವಿನ ತನಕ ಪೈರೇಟ್ಸ್ ಜೋರಾಗಿದ್ದರು, ಆಮೇಲೆ ಕುಸಿದದ್ದು ಕುಸಿದದ್ದೇ. ಅವತ್ತು ಎದುರು ಟೀಮು ಸಿನ್ಸಿನಾಟಿ ರೆಡ್ಸ್‌ನ ಹೋಮರ್ ಬೇಲಿ ಚೆಂಡು ಎಸೀತಿದ್ದ. ಒಂಬತ್ತು ಇನ್ನಿಂಗ್ಸ್‌ನಲ್ಲಿ ನಮ್ಮವರಿಗೆ ಒಂದೇ ಒಂದು ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟೋದು) ಸಿಗಲಿಲ್ಲ. ನೋ-ಹಿಟರ್ ಅಂತಾರೆ ಇದನ್ನ, ಬಲು ಅಪರೂಪ. ರೆಡ್ಸ್‌ನವರಿಗೂ 1988ರ ನಂತರ ಅದೇ ಮೊದಲನೇದು. ಸೋತಿದ್ದು 1–0ರಿಂದ. ಆ ಒಂದು ರನ್ ತೀರಿಸೋಕೆ ಆಗಲಿಲ್ಲವಲ್ಲ ಅಂತ ಹೊಟ್ಟೆ ಉರೀತಿತ್ತು.

ಪಕ್ಕದಲ್ಲಿ ಒಬ್ಬ ಅಜ್ಜ ಪೆನ್ಸಿಲ್ ಹಿಡಿದು ಸ್ಕೋರ್‌ಕಾರ್ಡ್ ತುಂಬುತ್ತಿದ್ದ. ಸ್ಟ್ರೈಕ್‌ಔಟ್ (ಮೂರು ಸಲ ಚೆಂಡು ಹೊಡೆಯಲಾಗದೆ ಔಟ್) ಆದರೆ 'ಕೆ', ಬ್ಯಾಟನ್ನೇ ಬೀಸದೆ ನಿಂತು ಔಟಾದರೆ ತಿರುಗಿಸಿದ 'ಕೆ'. ನೋ-ಹಿಟರ್ ನಡೀತಿರುವಾಗ ಎಸೆಯೋನ ಟೀಮಿನವರು ಆ ಪದ ಬಾಯಿ ಬಿಟ್ಟು ಹೇಳಲ್ಲ, ದೃಷ್ಟಿ ಆಗುತ್ತೆ ಅಂತ ನಂಬಿಕೆ. ನಾವು ಎದುರು ಪಾರ್ಟಿ ತಾನೆ? ಅಜ್ಜ ಏಳನೇ ಇನ್ನಿಂಗ್ಸ್‌ನಿಂದ ಬೇಕಂತಲೇ ಅದನ್ನ ಕೂಗಿ ಕೂಗಿ ಹೇಳಿದ, ನನ್ನ ಕೈಲೂ ಕೂಗಿಸಿದ. ದೃಷ್ಟಿ ತಾಗಲಿಲ್ಲ. ಕೊನೇ ಚೆಂಡು ಮೇಲಕ್ಕೆ ಹಾರಿ ಕ್ಯಾಚಾದಾಗ ಅಜ್ಜ ನಮ್ಮವರಿಗೆ ಬಾಯ್ತುಂಬ ಬೈದು, ಆ ಔಟನ್ನೂ ಕಾರ್ಡಿನಲ್ಲಿ ನೀಟಾಗಿ ಬರೆದು, ಎದ್ದು ನಿಂತು ಬೇಲಿಗೆ ಚಪ್ಪಾಳೆ ಹೊಡೆದ.

ಆಮೇಲೆ ಕ್ಲೆಮೆಂಟೆ ಸೇತುವೆ ಮೇಲೆ ಜೊತೆಗೇ ನಡೆದು ಬಂದೆವು. ಆಟ ಇತ್ತಂತ ಅವತ್ತು ಅಲ್ಲಿ ಗಾಡಿ ಬಿಟ್ಟಿರಲಿಲ್ಲ. ದಾರಿಯುದ್ದಕ್ಕೂ ಅಜ್ಜ, ಸೇತುವೆಗೆ ಯಾರ ಹೆಸರಿಟ್ಟಿದ್ದಾರೋ ಆ ಹಳೇ ಪೈರೇಟ್ಸ್ ಆಟಗಾರ ರಾಬರ್ಟೊ ಕ್ಲೆಮೆಂಟೆ ಕಥೆ ಹೇಳಿದ. ಪೋರ್ಟೊ ರಿಕೊದಿಂದ ಬಂದವನು, ಜರ್ಸಿ ನಂಬರ್ 21, ಅದಕ್ಕೇ ಮೈದಾನದ ಬಲಗಡೆ ಗೋಡೆ 21 ಅಡಿ ಎತ್ತರ. ಸರಿಯಾಗಿ 3,000 ಹಿಟ್. 1972ರ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯುತ್ತಿದ್ದ ವಿಮಾನ ಬಿದ್ದು ತೀರಿಕೊಂಡ. ಪತ್ರಿಕೆಯವರು ಅವನ ಹೆಸರು ಮುರಿದು 'ಬಾಬ್' ಅಂತ ಬರೀತಿದ್ದರಂತೆ, ಅವನಿಗೆ ಅದು ಸುತರಾಂ ಇಷ್ಟವಿರಲಿಲ್ಲ. (ನಿನ್ನ ಹೆಸರನ್ನೂ ಆಫೀಸಿನಲ್ಲಿ ಮೊಟಕು ಮಾಡೋಕೆ ನೋಡ್ತಾರೆ. ಬಿಡಬೇಡ.)

ಆ ಸೀಸನ್ 79 ಗೆಲುವು, 83 ಸೋಲಿಗೆ ಮುಗೀತು. ಗೆಲುವಿಗಿಂತ ಸೋಲೇ ಹೆಚ್ಚಾದ ಸತತ ಇಪ್ಪತ್ತನೇ ವರ್ಷ ಅದು. ಮರು ವರ್ಷದ ಅಕ್ಟೋಬರಿನಲ್ಲಿ ನಮ್ಮವರು ಅದೇ ರೆಡ್ಸ್‌ನ ಇಲ್ಲೇ 6–2ರಿಂದ ಮನೆಗೆ ಕಳಿಸಿದರು. ನನಗೆ ಟಿಕೆಟ್ ಸಿಗಲಿಲ್ಲ, ಟಿವಿಯಲ್ಲೇ ನೋಡಿದ್ದು. ಕಪ್ಪಿನ ಮಾತು ಕೇಳ್ತೀಯಾ? ಕೊನೇದು ಬಂದಿದ್ದು 1979ರಲ್ಲಿ. ಹದಿನೆಂಟು ವರ್ಷ 'ಈ ಸಲ ಕಪ್ ನಮ್ದೇ' ಅಂತ ಕೂಗಿದ ನಮಗೆ ಇವರ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಯಾಕೆ ಹೀಗೆ ಅಂದರೆ ದುಡ್ಡು. ಈ ಆಟದಲ್ಲಿ ಟೀಮಿನ ಸಂಬಳಕ್ಕೆ ಗಟ್ಟಿ ಮಿತಿ ಇಲ್ಲ, ದೊಡ್ಡ ಊರಿನ ಟೀಮುಗಳು ಸುರೀತಾವೆ. ಇಲ್ಲಿ ಬೆಳೆದ ಹುಡುಗ ಹೆಸರು ಮಾಡಿದ ಮೇಲೆ ಬೇರೆ ಕಡೆ ಹೋಗ್ತಾನೆ. 2013ರಲ್ಲಿ ಲೀಗಿನ ಶ್ರೇಷ್ಠ ಆಟಗಾರನಾದ ಆಂಡ್ರ್ಯೂ ಮೆಕಚನ್ನನ್ನೇ 2018ರಲ್ಲಿ ಕಳಿಸಿದ್ದರು, 2023ರಲ್ಲಿ ವಾಪಸ್ ಬಂದ. ಮಾತಿಗೆ ಇದೊಂದು ಸಾಕು, ಪಕ್ಕದವರು ಮಿಕ್ಕಿದ್ದು ನೋಡಿಕೊಳ್ತಾರೆ. ರಿಂಕು ಸಿಂಗ್, ದಿನೇಶ್ ಪಟೇಲ್ ಗೊತ್ತಾ ಅಂತ ನಿನ್ನನ್ನೂ ಕೇಳಬಹುದು. ಕ್ರಿಕೆಟ್ಟಿನ ರಿಂಕು ಅಲ್ಲ; ಇವರು ಉತ್ತರ ಪ್ರದೇಶದ ಜಾವೆಲಿನ್ ಹುಡುಗರು, 2008ರಲ್ಲಿ ಇದೇ ಟೀಮು ಸೇರಿಸಿಕೊಂಡಿತ್ತು. ಮೇಜರ್ ಲೀಗ್ ಅನ್ನೋ ಮೇಲಿನ ಹಂತದ ತನಕ ಇಬ್ಬರೂ ಏರಲಿಲ್ಲ.

ಮೇಲಿನ ಸೀಟು ತಗೋ, ಸೆಪ್ಟೆಂಬರ್ ಕೊನೆಗೆ ಅಗ್ಗ, ನದಿಯಾಚೆಯ ಊರು ಪೂರ್ತಿ ಕಾಣುತ್ತೆ. ಡೌನ್‌ಟೌನ್‌ನಿಂದ ನಾರ್ತ್ ಸೈಡ್‌ಗೆ ಟ್ರೈನು ಫ್ರೀ. ಸ್ವೆಟರ್ ಇರಲಿ, ಕತ್ತಲಾದರೆ ನದಿ ಗಾಳಿ ಕೊರೆಯುತ್ತೆ. ತಿನ್ನೋಕೆ ಪಿರೋಗಿ ಇದೆ, ಮೈದಾ ಒಳಗೆ ಆಲೂಗಡ್ಡೆ, ಚೀಸ್ ತುಂಬಿದ್ದು; ಮೊಟ್ಟೆ ಆಗಲ್ಲ ಅಂದರೆ ಕೇಳಿ ತಗೋ. ಮಧ್ಯದಲ್ಲಿ ಪಿರೋಗಿ ವೇಷ ಹಾಕಿಕೊಂಡವರ ಓಟವೂ ಇರುತ್ತೆ, ನಗು ಬಂದರೆ ನಗು.

ಪೆನ್ ಹಿಲ್ಸ್ ದೇವಸ್ಥಾನಕ್ಕೆ ಹೋಗಿ ನಮ್ಮವರ ಜೊತೆ ಪುಳಿಯೋಗರೆ ತಿನ್ನೋದು ಮುಂದಿನ ವಾರವೂ ಆಗುತ್ತೆ. ಸೀಸನ್ ಅಷ್ಟರೊಳಗೆ ಮುಗಿದು ಹೋಗಿರುತ್ತೆ.