ಮೊದಲ ಆಟಕ್ಕೆ ಯಾವ ಬಣ?

ಪ್ರಶ್ನೆ: ಹೀರೋಸ್ ಆಫ್ ಮೈಟ್ ಆಂಡ್ ಮ್ಯಾಜಿಕ್ 3 ಎಂಬ ಕಂಪ್ಯೂಟರ್ ತಂತ್ರದ ಆಟ ಆಡಲು ಈಗಷ್ಟೇ ಆರಂಭಿಸಿದ್ದೇನೆ. ಮೃತರ ಬಣವಾದ ನೆಕ್ರೋಪೊಲಿಸ್ ಆರಿಸಿದರೆ ಸೋಲುವುದೇ ಕಷ್ಟ ಎಂದು ಕೆಲವು ಗೆಳೆಯರು ಹೇಳುತ್ತಾರೆ. ಉಳಿದವರು ಮಾನವರ ಬಣವಾದ ಕ್ಯಾಸಲ್ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಕ್ಯಾಸಲ್ ಎಂದವರ ಮಾತು ಕೇಳಿ. ನೆಕ್ರೋಪೊಲಿಸ್ ಬಲಿಷ್ಠವಾದದ್ದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಬಲ ಬರುವುದೇ ಆಟದ ಕೆಲವು ನಿಯಮಗಳು ಅದಕ್ಕೆ ಅನ್ವಯವಾಗದಿರುವುದರಿಂದ. ಕಲಿಯುವವರಿಗೆ ತೊಡಕಾಗುವುದು ಇದೇ.

ಸೈನಿಕರ ಸ್ಥೈರ್ಯವನ್ನೇ ತೆಗೆದುಕೊಳ್ಳಿ. ಈ ಆಟದಲ್ಲಿ ಇಡೀ ಸೈನ್ಯ ಒಂದೇ ಪಟ್ಟಣದಿಂದ ಬಂದಿದ್ದರೆ ಸ್ಥೈರ್ಯ ಒಂದು ಅಂಕ ಏರುತ್ತದೆ. ಮೂರು ಪಟ್ಟಣಗಳ ಸೈನಿಕರನ್ನು ಬೆರೆಸಿದರೆ ಇಳಿಯುತ್ತದೆ. ಸ್ಥೈರ್ಯ ಹೆಚ್ಚಿದ್ದ ದಳಕ್ಕೆ ಆಗಾಗ ಇನ್ನೊಮ್ಮೆ ಹೊಡೆಯುವ ಅವಕಾಶ ಸಿಗುತ್ತದೆ, ಕುಸಿದ ದಳ ಇದ್ದಲ್ಲೇ ಹೆಪ್ಪುಗಟ್ಟಿ ನಿಲ್ಲುತ್ತದೆ. ದಾರಿಯಲ್ಲಿ ಸಿಕ್ಕಿದ ಬಲಿಷ್ಠ ಜೀವಿಯನ್ನು ಸೇರಿಸಿಕೊಳ್ಳಬೇಕೇ ಬೇಡವೇ ಎಂಬ ಲೆಕ್ಕಾಚಾರವೆಲ್ಲ ಇದರ ಮೇಲೆ ನಿಂತಿದೆ. ನೆಕ್ರೋಪೊಲಿಸ್‌ನ ಮೃತ ಸೈನಿಕರಿಗಾದರೋ ಸ್ಥೈರ್ಯ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನೀವು ಇಪ್ಪತ್ತು ನಕ್ಷೆ ಗೆದ್ದರೂ ಈ ನಿಯಮ ನಿಮ್ಮ ಕಣ್ಣಿಗೇ ಬೀಳದಿರಬಹುದು.

ಸೈನಿಕರ ನಷ್ಟದ ವಿಷಯ ಇದಕ್ಕಿಂತ ಮುಖ್ಯ. ನೆಕ್ರೋಪೊಲಿಸ್‌ನ ನಾಯಕ ಯುದ್ಧ ಗೆದ್ದಾಗಲೆಲ್ಲ ಸತ್ತ ಶತ್ರುಗಳಲ್ಲಿ ಒಂದು ಪಾಲು ಅಸ್ಥಿಪಂಜರಗಳಾಗಿ ಎದ್ದು ಅವನ ಸೈನ್ಯ ಸೇರುತ್ತಾರೆ. ವ್ಯಾಂಪೈರ್ ಲಾರ್ಡ್‌ಗಳು ಹೊಡೆದಷ್ಟೂ ತಮ್ಮವರನ್ನು ಬದುಕಿಸಿಕೊಳ್ಳುತ್ತವೆ, ಅವುಗಳಿಗೆ ಎದುರೇಟೂ ಬೀಳುವುದಿಲ್ಲ. ಬೇರೆಲ್ಲ ಬಣಗಳಲ್ಲಿ ಪ್ರತಿ ಯುದ್ಧಕ್ಕೂ ಬೆಲೆ ಇದೆ. ವಾರದ ಮೊದಲ ದಿನ ಬರುವ ಹೊಸ ಸೈನಿಕರಿಗಿಂತ ಹೆಚ್ಚು ಮಂದಿಯನ್ನು ಆ ವಾರದಲ್ಲಿ ಕಳೆದುಕೊಂಡರೆ ನೀವು ಹಿಂದಕ್ಕೆ ಸರಿಯುತ್ತಿದ್ದೀರಿ ಎಂದೇ ಅರ್ಥ. ವ್ಯಾಂಪೈರ್‌ಗಳ ಮರೆಯಲ್ಲಿ ಬೆಳೆದ ಆಟಗಾರನಿಗೆ ಈ ಲೆಕ್ಕ ರೂಢಿಯಾಗುವುದಿಲ್ಲ. ಎದುರಿಗೆ ನಿರ್ಜೀವ ಬೊಂಬೆಗಳಾದ ಗೋಲೆಮ್‌ಗಳೋ ಬೇರೆ ಮೃತ ಸೈನ್ಯವೋ ಬಂದ ದಿನ ಆ ಜೀವ ಹೀರುವ ಶಕ್ತಿಯೂ ಕೆಲಸ ಮಾಡುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕೆಲವು ಬಣಗಳಿಗೆ ಒಂದು ಸಲಕರಣೆ ಇರುವುದಿಲ್ಲ, ಇನ್ನು ಕೆಲವಕ್ಕೆ ಒಂದು ನಿಯಮವೇ ಇರುವುದಿಲ್ಲ. ಸ್ಟ್ರಾಂಗ್‌ಹೋಲ್ಡ್ ಬಣದ ಮಂತ್ರಶಾಲೆ ಮೂರನೇ ಹಂತಕ್ಕೇ ನಿಲ್ಲುತ್ತದೆ. ಅದು ಸಲಕರಣೆಯ ಕೊರತೆ. ಉಳಿದ ಸಲಕರಣೆಗಳನ್ನು ಚೆನ್ನಾಗಿ ಬಳಸುವುದನ್ನು ಅಂಥ ಕೊರತೆ ಕಲಿಸುತ್ತದೆ. ಮೊದಲ ಬಣಕ್ಕೆ ಇದು ಅಡ್ಡಿಯಲ್ಲ. ನಿಯಮವೇ ಇಲ್ಲದ ಬಣ ಮಾತ್ರ ಆಟದ ಅರ್ಧವನ್ನು ಮುಚ್ಚಿಡುತ್ತದೆ. ಮುಂದಿನ ಉತ್ತರಗಳಲ್ಲೂ ನಾನು ಇದೇ ಅಳತೆಗೋಲನ್ನು ಹಿಡಿದಿದ್ದೇನೆ.

ಕ್ಯಾಸಲ್‌ನಲ್ಲಿ ಏನನ್ನೂ ಮುಚ್ಚಿಟ್ಟಿಲ್ಲ. ಎರಡು ಬಾಣ ಬಿಡುವ ಮಾರ್ಕ್ಸ್‌ಮನ್‌ಗಳಿದ್ದಾರೆ, ಅವರ ಮುಂದೆ ನಿಲ್ಲಿಸಲು ಭರ್ಚಿ ಹಿಡಿದವರಿದ್ದಾರೆ, ಆರಂಭದ ಯುದ್ಧಗಳನ್ನು ಹೊರಲು ಗ್ರಿಫಿನ್‌ಗಳಿವೆ. ಏಂಜೆಲ್ ಒಂದಕ್ಕೆ 3000 ಚಿನ್ನದ ಜೊತೆಗೆ ಒಂದು ರತ್ನವನ್ನೂ ಕೊಡಬೇಕು. ಹಾಗಾಗಿ ಹಣವನ್ನು ಪಟ್ಟಣಕ್ಕೆ ಹಾಕಬೇಕೇ ಸೈನ್ಯಕ್ಕೆ ಹಾಕಬೇಕೇ ಎಂಬ ಪ್ರಶ್ನೆ ಮೊದಲ ವಾರವೇ ಎದುರಾಗುತ್ತದೆ. ಹಳ್ಳಿಯ ಸಭಾಭವನ ದಿನಕ್ಕೆ 500 ಚಿನ್ನ ಕೊಡುತ್ತದೆ, ಕೊನೆಯ ಹಂತದ ಕ್ಯಾಪಿಟಲ್ 4000 ಕೊಡುತ್ತದೆ. ಈ ಎರಡರ ನಡುವಿನ ಹಾದಿಯನ್ನು ಎಷ್ಟು ಬೇಗ ಸವೆಸುತ್ತೀರಿ ಎಂಬುದರ ಮೇಲೆ ಬಹುತೇಕ ಆಟಗಳು ತೀರ್ಮಾನವಾಗುತ್ತವೆ.

ರ‍್ಯಾಂಪಾರ್ಟ್ ಬಣ ಕೂಡ ಒಳ್ಳೆಯ ಆಯ್ಕೆ. ಅಲ್ಲಿ ಒಂದು ಎಚ್ಚರಿಕೆ ಬೇಕು: ನಕ್ಷೆಯಲ್ಲಿ ನಾಯಕ ಒಂದು ದಿನಕ್ಕೆ ಎಷ್ಟು ದೂರ ಹೋಗಬಲ್ಲ ಎಂಬುದನ್ನು ಅವನ ಸೈನ್ಯದ ಅತಿ ನಿಧಾನದ ದಳ ನಿರ್ಧರಿಸುತ್ತದೆ. ಕುಬ್ಜರನ್ನು ಜೊತೆಗೆ ಹೊತ್ತೊಯ್ದರೆ ಗಣಿ ಹಿಡಿಯುವ ಓಟದಲ್ಲಿ ಹಿಂದೆ ಬೀಳುತ್ತೀರಿ. ಅವರನ್ನು ಪಟ್ಟಣದ ಕಾವಲಿಗೆ ಬಿಟ್ಟು ಹೊರಡಿ.

ಪ್ರಶ್ನೆ: ಟೋಟಲ್ ವಾರ್: ವಾರ್‌ಹ್ಯಾಮರ್ 3 ಆಟದ ಮೂರೂ ಭಾಗಗಳ ಬಣಗಳು ಒಂದೇ ನಕ್ಷೆಯಲ್ಲಿ ಸೇರುವ ಇಮ್ಮಾರ್ಟಲ್ ಎಂಪೈರ್ಸ್ ಅಭಿಯಾನದಲ್ಲಿ ಯಾರನ್ನು ಆರಿಸಬೇಕೆಂದೇ ತಿಳಿಯುತ್ತಿಲ್ಲ. ಹಲವು ಬಣಗಳಲ್ಲಿ ಆರಂಭಿಸಿ, ಮೂವತ್ತು ಸರದಿಗಳಾಗುವಷ್ಟರಲ್ಲಿ ಸುತ್ತಲೂ ಯುದ್ಧವಾಗಿ ಕೈಬಿಟ್ಟಿದ್ದೇನೆ. ಬಣದ ಆಯ್ಕೆ ತಪ್ಪೇ, ನನ್ನ ಆಟ ತಪ್ಪೇ?

ಉತ್ತರ: ನಿಮ್ಮ ಆಟವನ್ನು ಬಯ್ದುಕೊಳ್ಳಬೇಡಿ. 2022ರಲ್ಲಿ ಇಮ್ಮಾರ್ಟಲ್ ಎಂಪೈರ್ಸ್ ಬಂದಾಗಲೇ ಅದರಲ್ಲಿ 80ಕ್ಕೂ ಹೆಚ್ಚು ನಾಯಕರಿದ್ದರು. ಇಷ್ಟು ದೊಡ್ಡ ಪಟ್ಟಿಯ ಮುಂದೆ ಕುಳಿತವರು ಸಹಜವಾಗಿ ದಳಗಳ ಚಿತ್ರ ನೋಡಿ ಆರಿಸುತ್ತಾರೆ. ಈ ಆಟದಲ್ಲಿ ಮೊದಲ ಮೂವತ್ತು ಸರದಿಗಳನ್ನು ನಿರ್ಧರಿಸುವುದು ದಳಗಳಿಗಿಂತ ಹೆಚ್ಚಾಗಿ ನಕ್ಷೆಯ ಮೇಲೆ ನೀವು ನಿಂತಿರುವ ಜಾಗ. ಒಂದೇ ಜನಾಂಗದ ಇಬ್ಬರು ನಾಯಕರು ಎರಡು ಬೇರೆ ಆಟಗಳಂತೆ ಇರಬಲ್ಲರು.

ಕಾರ್ಲ್ ಫ್ರಾಂಜ್‌ನನ್ನು ನೋಡಿ. ಅವನ ಸಾಮ್ರಾಜ್ಯದಲ್ಲಿ ಈಟಿ, ಬಂದೂಕು, ಫಿರಂಗಿ, ಕುದುರೆ, ಮಂತ್ರವಾದಿ ಎಲ್ಲವೂ ಇವೆ. ದಳಗಳನ್ನು ಮಾತ್ರ ನೋಡಿದರೆ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಸೈನ್ಯವಿಲ್ಲ. ಆದರೆ ಅವನ ರಾಜಧಾನಿ ಆಲ್ಟ್‌ಡಾರ್ಫ್ ಖಂಡದ ನಡುಮಧ್ಯದಲ್ಲಿದೆ. ಶತ್ರುಗಳು ಯಾವ ದಿಕ್ಕಿನಿಂದಲೂ ಬರಬಹುದು, ಸುತ್ತಲಿನ ಎಲೆಕ್ಟರ್ ಕೌಂಟ್‌ಗಳೆಂಬ ಪ್ರಾಂತಾಧಿಪತಿಗಳನ್ನೂ ಕಾಪಾಡಿಕೊಳ್ಳಬೇಕು. ಒಂದು ಗಡಿಯಲ್ಲಿ ಗೆಲ್ಲುವಷ್ಟರಲ್ಲಿ ಇನ್ನೊಂದು ಗಡಿ ಹೊತ್ತಿ ಉರಿಯುತ್ತಿರುತ್ತದೆ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಇಂಥ ಜಾಗಗಳಲ್ಲೇ ಸಿಕ್ಕಿಬಿದ್ದಿದ್ದೀರಿ ಎನಿಸುತ್ತದೆ.

ಹೈ ಎಲ್ಫ್‌ಗಳ ಟಿರಿಯನ್ ಇದಕ್ಕೆ ತದ್ವಿರುದ್ಧ. ಅವನಿರುವ ಉಲ್ತುವಾನ್ ಸಮುದ್ರದ ನಡುವೆ ಉಂಗುರದ ಆಕಾರದಲ್ಲಿದೆ. ನೆರೆಯವರಲ್ಲಿ ಹೆಚ್ಚಿನವರು ಅವನ ಜನಾಂಗದವರೇ ಆದ್ದರಿಂದ ಸ್ನೇಹ ಸುಲಭ. ಶತ್ರುಗಳು ಬಂದರೂ ಸಾಮಾನ್ಯವಾಗಿ ಒಂದೊಂದಾಗಿ ಬರುತ್ತಾರೆ, ಒಳನಾಡಿಗೆ ನುಗ್ಗಬೇಕಾದರೆ ಕೋಟೆಬಾಗಿಲುಗಳನ್ನು ದಾಟಬೇಕು. ಟಿರಿಯನ್ ಸ್ವತಃ ರಣರಂಗದಲ್ಲಿ ಬಹಳ ಹೊತ್ತು ನಿಲ್ಲಬಲ್ಲ ಕಾದಾಳು. ನಿಮ್ಮ ಸ್ಥಿತಿಯಲ್ಲಿರುವವರಿಗೆ ನಾನು ಹೇಳುವ ಹೆಸರು ಇದೇ. ಹೈ ಎಲ್ಫ್‌ಗಳ ದಳಗಳು ದುಬಾರಿ, ಆದ್ದರಿಂದ ಎರಡನೇ ಸೈನ್ಯ ಕಟ್ಟುವ ಮುನ್ನ ಆದಾಯ ನೋಡಿಕೊಳ್ಳುವ ಅಭ್ಯಾಸವೂ ತಾನಾಗಿಯೇ ಬರುತ್ತದೆ.

ಕುಬ್ಜರ ಬಣವನ್ನೂ ಧೈರ್ಯವಾಗಿ ಆರಿಸಬಹುದು. ಅವರಿಗೆ ಕುದುರೆಯಿಲ್ಲ, ಮಂತ್ರವಾದಿಗಳಿಲ್ಲ. ಗಟ್ಟಿ ಕವಚದ ಸಾಲು, ಹಿಂದೆ ಬಾಣ ಮತ್ತು ಫಿರಂಗಿ. ರಣರಂಗದಲ್ಲಿ ಒಮ್ಮೆಗೆ ಹತ್ತು ಕಡೆ ನೋಡಬೇಕಾದ ಒತ್ತಡ ಇದರಿಂದ ಕಡಿಮೆಯಾಗುತ್ತದೆ. ಮೇಲೆ ಹೇಳಿದ ಸಲಕರಣೆಯ ಕೊರತೆ ಎಂದರೆ ಇದೇ.

ಟೂಂಬ್ ಕಿಂಗ್ಸ್ ಬಣವನ್ನು ಮಾತ್ರ ಮುಂದೂಡಿ. ಅವರ ದಳಗಳಿಗೆ ನೇಮಕದ ಖರ್ಚೂ ಇಲ್ಲ, ಪ್ರತಿ ಸರದಿಯ ಸಂಬಳವೂ ಇಲ್ಲ. ಅದರ ಬದಲು ಎಷ್ಟು ಸೈನ್ಯಗಳನ್ನು ಇಟ್ಟುಕೊಳ್ಳಬಹುದು ಎಂಬುದಕ್ಕೇ ಮಿತಿ ಇದೆ. ಮಾಡಿಟ್ಟ ವ್ಯವಸ್ಥೆ ಬಹಳ ಸೊಗಸಾಗಿದೆ, ನನಗೆ ಅಚ್ಚುಮೆಚ್ಚು ಕೂಡ. ಆದರೆ ಈ ಆಟದ ಬೆನ್ನೆಲುಬೇ ಸೈನ್ಯದ ಸಂಬಳ. ಅದನ್ನು ಅನುಭವಿಸದೆ ಮುಂದೆ ಹೋದವರು ಬೇರೆ ಯಾವ ಬಣಕ್ಕೆ ಬಂದರೂ ಖಜಾನೆ ಬರಿದು ಮಾಡಿಕೊಳ್ಳುತ್ತಾರೆ.

ಆರಿಸುವ ಮುನ್ನ ಮೂರು ಸಂಗತಿ ನೋಡಿ. ನಾಯಕನನ್ನು ಆರಿಸುವ ಪರದೆಯಲ್ಲಿ ಆರಂಭದ ಕಷ್ಟದ ಮಟ್ಟವನ್ನು ಬರೆದಿರುತ್ತಾರೆ, ಅದನ್ನು ನಂಬಬಹುದು. ಎರಡನೆಯದು ಹವಾಮಾನ: ಪ್ರತಿ ಜನಾಂಗಕ್ಕೂ ಒಗ್ಗುವ ನೆಲ, ಒಗ್ಗದ ನೆಲ ಎಂದು ಇವೆ. ನೆರೆಯ ಪ್ರಾಂತಗಳು ಒಗ್ಗದವಾಗಿದ್ದರೆ ಗೆದ್ದ ಊರೇ ಹೊರೆಯಾಗುತ್ತದೆ. ಇನ್ನೊಂದು, ನಿಮ್ಮ ಬಳಿ ಮೂರನೇ ಭಾಗವಷ್ಟೇ ಇದ್ದರೂ 2023ರ ಫೆಬ್ರುವರಿಯಿಂದ ಇಮ್ಮಾರ್ಟಲ್ ಎಂಪೈರ್ಸ್ ಆಡಬಹುದು. ಆದರೆ ಖರೀದಿಸದ ಬಣಗಳು ನಕ್ಷೆಯಲ್ಲಿ ಎದುರಾಳಿಗಳಾಗಿ ಮಾತ್ರ ಇರುತ್ತವೆ. ಟಿರಿಯನ್ ಎರಡನೇ ಭಾಗದವನು. ಅವನು ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ ಮೂರನೇ ಭಾಗದ ಕ್ಯಾಥೇ ಬಣದ ಮಿಯಾವ್ ಯಿಂಗ್‌ಳನ್ನು ಆರಿಸಿ. ಕ್ಯಾಥೇಯಲ್ಲಿ ಕೈಕೈ ಮಿಲಾಯಿಸುವ ದಳವನ್ನೂ ದೂರದಿಂದ ಹೊಡೆಯುವ ದಳವನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಎರಡಕ್ಕೂ ಲಾಭವಿದೆ. ವ್ಯೂಹ ಕಟ್ಟುವುದನ್ನು ಇಷ್ಟು ನೇರವಾಗಿ ಕಲಿಸುವ ಬಣ ಆ ಆಟದಲ್ಲಿ ಇನ್ನೊಂದಿಲ್ಲ.

ಪ್ರಶ್ನೆ: ಎಂಡ್‌ಲೆಸ್ ಲೆಜೆಂಡ್ ಆಟದ ಕಲ್ಟಿಸ್ಟ್ಸ್ ಬಣವನ್ನು ನೋಡಿದ ಕೂಡಲೇ ಮನಸೋತೆ. ಆದರೆ ಪ್ರತಿ ಸಲವೂ ಸೋಲುತ್ತಿದ್ದೇನೆ. ಇಷ್ಟವಾದದ್ದನ್ನು ಬಿಟ್ಟು ಬೇರೆ ಬಣಕ್ಕೆ ಹೋಗಲೇ?

ಉತ್ತರ: ಇಷ್ಟವಾದದ್ದು ದೊಡ್ಡ ಕಾರಣ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಇಂಥ ಆಟಗಳು ಹತ್ತಾರು ಗಂಟೆ ಬೇಡುತ್ತವೆ, ಪ್ರೀತಿಯಿಲ್ಲದ ಬಣದೊಂದಿಗೆ ಅಷ್ಟು ಹೊತ್ತು ಕಳೆಯಲಾಗದು. ಆದರೂ ಕಲ್ಟಿಸ್ಟ್ಸ್ ಅನ್ನು ಸ್ವಲ್ಪ ಕಾಲ ಪಕ್ಕಕ್ಕಿಡಿ ಎಂದೇ ಹೇಳುತ್ತೇನೆ.

2014ರಲ್ಲಿ ಬಂದ ಈ ಆಟದ ವಿಶೇಷವೆಂದರೆ ಬಹುತೇಕ ಪ್ರತಿ ಬಣವೂ ಒಂದು ಮೂಲ ನಿಯಮವನ್ನು ಮುರಿಯುತ್ತದೆ. ಬ್ರೋಕನ್ ಲಾರ್ಡ್ಸ್‌ಗೆ ಆಹಾರವೇ ಬೇಡ, ಅವರಿಗೆ ಎಲ್ಲವೂ ಡಸ್ಟ್ ಎಂಬ ಹಣದಿಂದಲೇ ಆಗಬೇಕು. ರೋವಿಂಗ್ ಕ್ಲ್ಯಾನ್ಸ್ ಯುದ್ಧ ಘೋಷಿಸುವಂತಿಲ್ಲ. ನೆಕ್ರೋಫೇಜ್‌ಗಳು ಶಾಂತಿ ಮಾಡಿಕೊಳ್ಳುವಂತಿಲ್ಲ. ನಿಮ್ಮ ಕಲ್ಟಿಸ್ಟ್ಸ್‌ಗೆ ಒಂದೇ ನಗರ. ಉಳಿದವರು ಪ್ರಾಂತಕ್ಕೊಂದು ನಗರ ಕಟ್ಟುತ್ತ ಹರಡುತ್ತಾರೆ, ಕಲ್ಟಿಸ್ಟ್ಸ್ ನಕ್ಷೆಯ ಮೇಲಿನ ಸಣ್ಣ ಬುಡಕಟ್ಟುಗಳ ಹಳ್ಳಿಗಳನ್ನು ಮತಾಂತರಿಸಿ ಬೆಳೆಯಬೇಕು. ಎಲ್ಲಿ ಯಾವಾಗ ಹರಡಬೇಕು ಎಂಬ ಅರಿವು ಮೂಡುವ ಮೊದಲೇ ಹರಡುವ ದಾರಿಯನ್ನೇ ಮುಚ್ಚಿಕೊಂಡರೆ ಸೋಲು ಎಲ್ಲಿಂದ ಬಂತೆಂದು ಗುರುತಿಸಲಾಗುವುದಿಲ್ಲ. ನೆರೆಯವನು ಎಷ್ಟು ನಗರ ಕಟ್ಟಿದ್ದಾನೆ, ಅವನ ಯಾವ ಗಡಿ ಬರಿದಾಗಿದೆ ಎಂದು ಊಹಿಸಬೇಕಾದರೆ ಅವನ ಆಟವನ್ನು ನೀವೂ ಆಡಿರಬೇಕು.

ಹೀಗೆ ನಗರ ಕಟ್ಟುತ್ತ ಹರಡುವ ವೈಲ್ಡ್ ವಾಕರ್ಸ್ ಅಥವಾ ವಾಲ್ಟರ್ಸ್ ಬಣದಲ್ಲಿ ಒಂದು ಆಟವನ್ನು ಕೊನೆಯವರೆಗೆ ಆಡಿ. ಗೆಲ್ಲಲೇಬೇಕೆಂದಿಲ್ಲ. ಆಮೇಲೆ ಕಲ್ಟಿಸ್ಟ್ಸ್‌ಗೆ ಮರಳಿ, ಮೊದಲ ಸರದಿಗಳಿಂದಲೇ ಪ್ರಭಾವದ ಅಂಕಗಳನ್ನು ಮತಾಂತರಕ್ಕೆ ಮೀಸಲಿಡಿ ಮತ್ತು ಒಲಿಸಿಕೊಂಡ ಹಳ್ಳಿಗಳ ಹತ್ತಿರ ಸೈನ್ಯ ಇರಿಸಿ. ಶತ್ರು ಆ ಹಳ್ಳಿಗಳನ್ನು ಸುಟ್ಟರೆ ನಿಮ್ಮ ಆದಾಯವೂ ಅಷ್ಟಕ್ಕೇ ನಿಲ್ಲುತ್ತದೆ. ಬಹುಶಃ ನಿಮಗೆ ಆಗುತ್ತಿರುವುದೂ ಇದೇ.

ಪ್ರಶ್ನೆ: ವಾರ್‌ಕ್ರಾಫ್ಟ್ 3ರಲ್ಲಿ ನನ್ನ ಕೈ ನಿಧಾನ. ಯಾವ ಬಣ ಸೂಕ್ತ?

ಉತ್ತರ: ಆರ್ಕ್. ಅವರ ದಳಗಳು ಸಂಖ್ಯೆಯಲ್ಲಿ ಕಡಿಮೆ, ಮೈ ಗಟ್ಟಿ. ಕ್ಷಣ ತಡವಾಗಿ ಹಿಂದಕ್ಕೆಳೆದರೂ ಬದುಕಿರುತ್ತವೆ. ಆದರೆ ನೇರವಾಗಿ ಇತರರೊಂದಿಗೆ ಆಡಲು ಹೋಗಬೇಡಿ. ಮೂಲ ಕಥಾಭಿಯಾನದ ಪೀಠಿಕೆ ಆರ್ಕ್‌ಗಳದೇ, ನಂತರ ಮಾನವರು, ಮೃತರು, ಮತ್ತೆ ಆರ್ಕ್‌ಗಳು, ಕೊನೆಗೆ ನೈಟ್ ಎಲ್ಫ್‌ಗಳು ಬರುತ್ತಾರೆ. ಈ ಕ್ರಮದಲ್ಲಿ ಆಡಿದರೆ ನಾಲ್ಕೂ ಬಣಗಳ ಪರಿಚಯವಾಗುತ್ತದೆ.

ಪ್ರಶ್ನೆ: ಬ್ಯಾಟಲ್ ಫಾರ್ ವೆಸ್ನಾತ್ ಆಟದಲ್ಲಿ ತಮ್ಮ ಯಾವಾಗಲೂ ಮೃತರ ಬಣವಾದ ಅನ್‌ಡೆಡ್ ಆರಿಸುತ್ತಾನೆ. ನಾನು ಡ್ರ್ಯಾಗನ್‌ನಂಥ ಜೀವಿಗಳ ಬಣವಾದ ಡ್ರೇಕ್ಸ್ ಆರಿಸಿ ಸೋಲುತ್ತೇನೆ. ಬಣ ಬದಲಿಸಿದರೆ ಸಾಕೇ?

ಉತ್ತರ: ಅರ್ಧ ಸಾಕು. ಡ್ರೇಕ್‌ಗಳಿಗೆ ವೇಗವಿದೆ, ಹೊಡೆತವಿದೆ, ಆದರೆ ಚುಚ್ಚುವ ಆಯುಧ ಮತ್ತು ಶೀತದ ಮಂತ್ರ ಎರಡೂ ಅವುಗಳಿಗೆ ಮಾರಕ. ನಿಮ್ಮ ತಮ್ಮನ ಬಳಿ ಅಸ್ಥಿಪಂಜರದ ಬಿಲ್ಲುಗಾರರೂ ಇದ್ದಾರೆ, ಶೀತದ ಮಂತ್ರ ಬಳಸುವ ಡಾರ್ಕ್ ಅಡೆಪ್ಟ್‌ಗಳೂ ಇದ್ದಾರೆ. ಮುಖ್ಯವಾಗಿ ಮಾನವರ ಬಣವಾದ ಲಾಯಲಿಸ್ಟ್ಸ್ ಆರಿಸಿ ನೋಡಿ. ಅಸ್ಥಿಪಂಜರಗಳ ಮೇಲೆ ಕತ್ತಿ, ಈಟಿ ಹೆಚ್ಚು ನಾಟುವುದಿಲ್ಲ. ಗದೆ ಮತ್ತು ಬೆಂಕಿ ನಾಟುತ್ತವೆ. ಆದ್ದರಿಂದ ಈಟಿಗಾರರನ್ನೇ ತುಂಬಿಕೊಳ್ಳದೆ ಗದೆ ಹಿಡಿದ ಹೆವಿ ಇನ್‌ಫ್ಯಾಂಟ್ರಿಮನ್ ಮತ್ತು ಬೆಂಕಿಯ ಮಂತ್ರವಾದಿಗಳಾದ ಮೇಜ್‌ಗಳನ್ನು ನೇಮಿಸಿ.

ಉಳಿದರ್ಧ ಗಡಿಯಾರದ್ದು. ಈ ಆಟದಲ್ಲಿ ಆರು ಸರದಿಗಳಿಗೆ ಒಂದು ದಿನ ಮುಗಿಯುತ್ತದೆ. ಬೆಳಗ್ಗೆ ಮತ್ತು ಮಧ್ಯಾಹ್ನದ ಸರದಿಗಳಲ್ಲಿ ಲಾಯಲಿಸ್ಟ್ಸ್‌ನ ಬಹುತೇಕ ದಳಗಳ ಹೊಡೆತ ಶೇ 25ರಷ್ಟು ಹೆಚ್ಚು, ರಾತ್ರಿಯ ಎರಡು ಸರದಿಗಳಲ್ಲಿ ಅಷ್ಟೇ ಕಡಿಮೆ. ಅನ್‌ಡೆಡ್ ಬಣದ ಹೆಚ್ಚಿನ ದಳಗಳಿಗೆ ಇದರ ವಿರುದ್ಧ. ಮುಸ್ಸಂಜೆಯ ಸರದಿ ಬಂದ ಕೂಡಲೇ ಹಳ್ಳಿಗಳಿಗೂ ಕೋಟೆಗೂ ಹಿಂದೆ ಸರಿಯಿರಿ, ಗಾಯಗೊಂಡವರನ್ನು ಹಳ್ಳಿಯಲ್ಲಿ ಕೂರಿಸಿ ಚೇತರಿಸಿಕೊಳ್ಳಲು ಬಿಡಿ. ರಾತ್ರಿ ನಿಮ್ಮ ತಮ್ಮ ಮುಂದೆ ನುಗ್ಗಿ ಬರುತ್ತಾನೆ, ಬರಲಿ. ಬೆಳಕು ಹರಿಯುವಾಗ ಅವನ ಡಾರ್ಕ್ ಅಡೆಪ್ಟ್‌ಗಳು ನಿಮ್ಮ ಸಾಲಿನ ಹತ್ತಿರವೇ ನಿಂತಿರುತ್ತಾರೆ. ಅವರಿಗೆ ಕೈಕೈ ಮಿಲಾಯಿಸುವ ಆಯುಧವೇ ಇಲ್ಲ, ಎದುರೇಟಿನ ಭಯವಿಲ್ಲದೆ ಕುದುರೆ ಸವಾರರನ್ನು ಅವರ ಮೇಲೆ ಬಿಡಬಹುದು.