ಸಂಪಾದಕರ ಉತ್ತರ: ಸ್ಕ್ಯಾನ್ ನಾರ್ಮಲ್, ತಲೆನೋವು ಮಾತ್ರ ಹೋಗಿಲ್ಲ

ಡೊಂಬಿವ್ಲಿಯ ಸಹೋದರಿಗೆ ನಮಸ್ಕಾರ.

ನಿಮ್ಮ ಪತ್ರ ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಓದುಗರಿಗಾಗಿ ಅದರ ಸಾರ ಇಷ್ಟು: ಮುಂಬೈಯ ಮಾಟುಂಗದ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುವ ನಿಮ್ಮ ಯಜಮಾನರು ತಿಂಗಳ ಹಿಂದೆ ಕೆಲಸಕ್ಕೆ ಹೊರಟಾಗ ಮಳೆಗೆ ಒದ್ದೆಯಾದ ಸ್ಟೇಷನ್ ಮೆಟ್ಟಿಲಲ್ಲಿ ಜಾರಿದರು, ತಲೆಗೆ ಪೆಟ್ಟಾಯಿತು. ಸಿಟಿ ಸ್ಕ್ಯಾನ್ ನಾರ್ಮಲ್. ಆದರೂ ತಲೆನೋವು, ತಲೆಸುತ್ತು ಹೋಗಿಲ್ಲ. ಟ್ಯೂಬ್‌ಲೈಟ್ ಹಾಕಿದರೆ ಕಣ್ಣು ಮುಚ್ಚುತ್ತಾರೆ, ಕುಕ್ಕರ್ ಸೀಟಿ ಹೊಡೆದರೆ ರೇಗುತ್ತಾರೆ. ಕೆಲಸಕ್ಕೆ ಹೋದರೆ ಚಿಲ್ಲರೆ ಲೆಕ್ಕ ತಪ್ಪಿತು. "ಸ್ಕ್ಯಾನ್ ನಾರ್ಮಲ್ ಅಲ್ವಾ, ಮತ್ತೇನು ನಾಟಕ?" ಎಂದರಂತೆ ಧಣಿಗಳು. ಊರಿಂದ ಬಂದ ನಿಮ್ಮ ಅತ್ತೆ ಪರದೆ ಎಳೆದು ಮಗನನ್ನು ಮಲಗಿಸಿಬಿಟ್ಟಿದ್ದಾರೆ.

ನಾಟಕವಲ್ಲ. ತಲೆಯೊಳಗೆ ರಕ್ತ ಸೋರಿದೆಯೇ, ಮೂಳೆ ಬಿರುಕು ಬಿಟ್ಟಿದೆಯೇ ಎಂದು ನೋಡಲು ಸಿಟಿ ಮಾಡುತ್ತಾರೆ. ಇಂಥ ತಲೆಪೆಟ್ಟಿನಿಂದ ಆಗುವ ಕನ್‌ಕಷನ್‌ನಲ್ಲಿ ಮಿದುಳು ಅಲುಗಾಡಿ ಅದರ ಕೆಲಸ ಏರುಪೇರಾಗುತ್ತದೆ. ಅದು ಫಿಲ್ಮಿನಲ್ಲಿ ಕಾಣುವುದಿಲ್ಲ. ಬೆಳಕು, ಸದ್ದು ಸಹಿಸಲಾಗದಿರುವುದು, ಲೆಕ್ಕ ತಪ್ಪುವುದು, ಸಿಟ್ಟು ಎಲ್ಲವೂ ಅದರದ್ದೇ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಗುಣವಾಗುತ್ತದೆ, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ.

ಅತ್ತೆಯವರ ಕಾಳಜಿ ದೊಡ್ಡದು, ಆದರೆ ಪರದೆ ತೆಗೆಸಿ. ಆಟಗಾರರ ತಲೆಪೆಟ್ಟಿನ ಬಗ್ಗೆ 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ತಜ್ಞರು, ವಿಶ್ರಾಂತಿ ಮೊದಲ ಒಂದೆರಡು ದಿನಕ್ಕೆ ಸಾಕು, ಆಮೇಲೆ ನಿಧಾನವಾಗಿ ನಡೆದಾಡಬೇಕು ಎಂದಿದ್ದಾರೆ. ಬಿಸಿಲೇರುವ ಮುಂಚೆ ಬಿಲ್ಡಿಂಗ್ ಕಾಂಪೌಂಡಿನಲ್ಲೇ ಹತ್ತು ನಿಮಿಷ ನಡೆಯಲಿ. ನೋವು ತುಸು ಏರಿ ಇಳಿದರೆ ಪರವಾಗಿಲ್ಲ, ಜಾಸ್ತಿಯಾದರೆ ಅಂದಿಗೆ ಸಾಕು. ತಲೆಗೆ ಇನ್ನೊಂದು ಪೆಟ್ಟು ಬೀಳಬಾರದು, ಹಾಗಾಗಿ ಬೈಕು, ನೂಕುನುಗ್ಗಲಿನ ಲೋಕಲ್ ರೈಲು ಸದ್ಯಕ್ಕೆ ಬೇಡ. ಮೆಡಿಕಲ್‌ನಿಂದ ತಂದ ನೋವಿನ ಮಾತ್ರೆ ದಿನಾ ನುಂಗುತ್ತಾರೆ ಎಂದು ಬರೆದಿದ್ದೀರಿ. ಹಾಗೆ ನುಂಗುತ್ತಿದ್ದರೆ ಮಾತ್ರೆಯಿಂದಲೇ ತಲೆನೋವು ಬರಬಹುದು. ಇದನ್ನು ಡಾಕ್ಟರಿಗೆ ಹೇಳಲೇಬೇಕು.

ನ್ಯೂರಾಲಜಿ (ಮಿದುಳು, ನರಗಳ ವಿಭಾಗ) ಓಪಿಡಿಗೆ ಹೋಗಿ. ನಿಮ್ಮ ಲೈನಿನಲ್ಲೇ ಸಾಯನ್ ಆಸ್ಪತ್ರೆ ಇದೆ, ಪರೇಲ್‌ನಲ್ಲಿ ಕೆಇಎಂ ಇದೆ. ಗರ್ದಿ ಇಳಿದ ಮೇಲೆ ಹೊರಡಿ. ಕೇಸ್ ಪೇಪರ್ ಸಾಲಿನಲ್ಲಿ ನೀವು ನಿಲ್ಲಿ, ಅವರು ಕರಿ ಕನ್ನಡಕ ಹಾಕಿಕೊಂಡು ಬೆಂಚಿನ ಮೇಲೆ ಕೂರಲಿ. ಹಳೆಯ ಫಿಲ್ಮು, ಡಿಸ್ಚಾರ್ಜ್ ಕಾರ್ಡು, ಏನೇನು ತೊಂದರೆ ಎಂದು ಬರೆದ ಚೀಟಿ ಜೊತೆಗಿರಲಿ. ಒಳಗೂ ನೀವೇ ಹೋಗಿ. ನಮ್ಮ ಗಂಡಸರು ಡಾಕ್ಟರ ಮುಂದೆ "ಏನಿಲ್ಲ, ಠೀಕ್ ಹೈ" ಎಂದು ಎದ್ದು ಬರುವವರು! ತಲೆಸುತ್ತಿಗೆ ಫಿಸಿಯೋಥೆರಪಿಯಲ್ಲಿ ಬೇರೆಯೇ ವ್ಯಾಯಾಮಗಳಿವೆ, ಕೇಳಿ ಬರೆಸಿಕೊಳ್ಳಿ. ಪದೇ ಪದೇ ವಾಂತಿ, ಫಿಟ್ಸ್, ಮಾತು ತೊದಲುವುದು, ಕೈಕಾಲು ಸೋಲುವುದು, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಒಂದು ಕಂಡರೂ ಓಪಿಡಿಗೆ ಕಾಯಬೇಡಿ, ನೇರ ಕ್ಯಾಶುವಲ್ಟಿಗೆ ಓಡಿ.

ದುಡ್ಡಿನ ವಿಷಯ ನೀವು ಸಂಕೋಚದಿಂದ ಕೊನೆಯಲ್ಲಿ ಬರೆದಿದ್ದೀರಿ. ನನಗೆ ಅದೇ ಮುಖ್ಯ ಎನಿಸಿತು. ಪಗಾರ ಸ್ಲಿಪ್ಪಿನಲ್ಲಿ ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಕಡಿತ ಇದೆಯಾ ನೋಡಿ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಅದು ಸಿಗುತ್ತದೆ. ಕಾಯಿಲೆ ರಜೆಗೆ ಸಂಬಳದ ಶೇ. 70ರಷ್ಟು ಕೊಡುತ್ತಾರೆ. ಇವರು ಬಿದ್ದದ್ದು ಕೆಲಸಕ್ಕೆ ಹೋಗುವ ದಾರಿಯಲ್ಲಿ. ಅದನ್ನೂ ಕೆಲಸದಲ್ಲಾದ ಗಾಯ ಎಂದೇ ಪರಿಗಣಿಸುವ ನಿಯಮ ಇದೆ, ಆಗ ಸಿಗುವುದು ಶೇ. 90. ಇಎಸ್‌ಐ ದವಾಖಾನೆಯಲ್ಲಿ ವಿಚಾರಿಸಿ, ಬಿದ್ದ ದಿನದ ಆಸ್ಪತ್ರೆ ಕಾಗದ ಜೋಪಾನ.

"ನನಗೂ ರಾತ್ರಿ ನಿದ್ದೆಯಿಲ್ಲ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅವರಿಗಷ್ಟೇ ಅಲ್ಲ, ನಿಮಗೂ.

ಧಣಿಗಳು ನಮ್ಮ ಪತ್ರಿಕೆ ತರಿಸುತ್ತಾರಂತೆ. ಅವರಿಗೂ ಒಂದು ಮಾತು: ಡಾಕ್ಟರು ಒಪ್ಪಿದ ಮೇಲೆ ಮೊದಲ ಕೆಲವು ವಾರ ಇವರನ್ನು ಮಧ್ಯಾಹ್ನದ ಊಟದ ಗದ್ದಲದಲ್ಲಿ ಗಲ್ಲಾಕ್ಕೆ ಕೂರಿಸಬೇಡಿ. ಮೂರು ಗಂಟೆಯ ನಂತರ ಎರಡು ತಾಸು, ಕಿರಾಣಿ ಸಾಮಾನಿನ ಪಟ್ಟಿ ನೋಡುವಂಥ ಕೆಲಸ ಕೊಡಿ. ಸರಿಹೋದರೆ ಹೊತ್ತು ಹೆಚ್ಚಿಸುತ್ತ ಹೋಗಿ.