ದುಡ್ಡು ಪೆನ್‌ಡ್ರೈವ್‌ಗೆ, ಲಿನಕ್ಸ್‌ಗಲ್ಲ

ಪ್ರಶ್ನೆ: ನನ್ನ ಹಳೆಯ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಲು ಆಗುವುದಿಲ್ಲವಂತೆ. ಆನ್‌ಲೈನ್ ಅಂಗಡಿಯೊಂದರಲ್ಲಿ ‘ಲಿನಕ್ಸ್ ಮಿಂಟ್, 32 ಜಿಬಿ ಪೆನ್‌ಡ್ರೈವ್, ಲೈಫ್‌ಟೈಮ್ ಲೈಸೆನ್ಸ್’ ಎಂದು 899 ರೂಪಾಯಿಗೆ ಮಾರುತ್ತಿದ್ದಾರೆ. ಲಿನಕ್ಸ್ ಪುಕ್ಕಟೆ ಅಲ್ಲವೇ? ಇದು ಮೋಸವೇ? ಕೊಳ್ಳಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಮಿಂಟ್ ಎಂಬುದು ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ, ಲಿನಕ್ಸ್ ಆಧರಿಸಿದ ಕಾರ್ಯಾಚರಣಾ ವ್ಯವಸ್ಥೆ. ಅದನ್ನು ಮಾರುವುದು ತಪ್ಪಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಪ್ರಕಾರ ಯಾರು ಬೇಕಾದರೂ ಪ್ರತಿ ಮಾಡಿ ಮಾರಬಹುದು, ಬೆಲೆ ಅವರಿಷ್ಟ. ಸೋರ್ಸ್ ಕೋಡ್ (ತಂತ್ರಾಂಶದ ಮೂಲ ಬರಹ) ಸಿಗುವಂತೆ ನೋಡಿಕೊಂಡರಾಯಿತು. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನವರು ತಮ್ಮ ಡಿಸ್ಕ್ ಮಾರುವವರ ಪಟ್ಟಿಯನ್ನೇ ಜಾಲತಾಣದಲ್ಲಿ ಹಾಕಿದ್ದಾರೆ. ಆದರೆ ‘ಲೈಫ್‌ಟೈಮ್ ಲೈಸೆನ್ಸ್’ ಬರೀ ಬಣ್ಣದ ಮಾತು. ಮಿಂಟ್‌ಗೆ ಲೈಸೆನ್ಸ್ ಕೀ ಎಂಬುದೇ ಇಲ್ಲ. ಆಕ್ಟಿವೇಟ್ ಮಾಡಿಕೊಡುತ್ತೇವೆ ಎನ್ನುವವರ ಹತ್ತಿರ ಏನನ್ನೂ ಕೊಳ್ಳಬೇಡಿ.

ಕೊಳ್ಳುವುದೇ ಆದರೆ ಆವೃತ್ತಿಯ ಸಂಖ್ಯೆ ಕೇಳಿ, ‘ಲೇಟೆಸ್ಟ್’ ಎಂಬ ಉತ್ತರ ಸಾಲದು. ಮಿಂಟ್ 20ರ ಸರಣಿಗೆ 2025ರ ಏಪ್ರಿಲ್‌ಗೇ ಅಪ್‌ಡೇಟ್ ನಿಂತಿದೆ. 22ರ ಸರಣಿಗೆ 2029ರವರೆಗೆ ಇದೆ. ಇನ್ನೊಂದು ತೊಂದರೆ: ಅಪರಿಚಿತರು ಬರೆದ ಪೆನ್‌ಡ್ರೈವ್‌ನಲ್ಲಿ ಏನು ಸೇರಿಸಿದ್ದಾರೋ ಹೊರಗಿನಿಂದ ಗೊತ್ತಾಗದು. ಹಾಗಾಗಿ ನಮ್ಮ ಸಲಹೆ, 8 ಜಿಬಿಯ ಖಾಲಿ ಪೆನ್‌ಡ್ರೈವ್ ತಂದು ನೀವೇ ಬರೆದುಕೊಳ್ಳಿ.

ಮಿಂಟ್‌ನ ಅಧಿಕೃತ ತಾಣದಿಂದ ಐಎಸ್‌ಒ ಫೈಲ್ (ಇಡೀ ಡಿಸ್ಕ್‌ನ ಪ್ರತಿ) ಇಳಿಸಿಕೊಳ್ಳಿ, ಸುಮಾರು 3 ಜಿಬಿ. ಸೆವೆನ್-ಜಿಪ್ ಎಂಬ ತಂತ್ರಾಂಶ ಹಾಕಿದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಎಸ್‌ಎಚ್‌ಎ-256 (ಫೈಲಿನ ಬೆರಳಚ್ಚಿನಂಥ ಸಂಕೇತ) ಲೆಕ್ಕ ಹಾಕಿಸಿ, ತಾಣದಲ್ಲಿರುವ 64 ಅಕ್ಷರಗಳ ಜೊತೆ ಹೋಲಿಸಿ. ಒಂದಕ್ಷರ ಬೇರೆಯಿದ್ದರೂ ಫೈಲ್ ಕೆಟ್ಟಿದೆ, ಮತ್ತೆ ಇಳಿಸಿ. ಆಮೇಲೆ ರೂಫಸ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಫೈಲನ್ನು ಸುಮ್ಮನೆ ಕಾಪಿ-ಪೇಸ್ಟ್ ಮಾಡಿದರೆ ಅದರಿಂದ ಕಂಪ್ಯೂಟರ್ ಶುರು (ಬೂಟ್) ಆಗುವುದಿಲ್ಲ. ‘ಪೆನ್‌ಡ್ರೈವ್ ಸರಿಯಿಲ್ಲ’ ಎಂಬ ದೂರುಗಳಲ್ಲಿ ಬಹಳಷ್ಟರ ಮೂಲ ಇದೇ.

ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಸಾಮಾನ್ಯವಾಗಿ ಬೂಟ್ ಮೆನು ಬರುತ್ತದೆ. ಅದರಲ್ಲಿ ಪೆನ್‌ಡ್ರೈವ್ ಆರಿಸಿದರೆ ಮಿಂಟ್ ಅದರಿಂದಲೇ ಓಡುತ್ತದೆ. ಇನ್‌ಸ್ಟಾಲ್ ಮಾಡುವ ಮೊದಲು ವೈಫೈ, ಧ್ವನಿ, ಟಚ್‌ಪ್ಯಾಡ್ ನೋಡಿ. ಇಲ್ಲಿ ವೈಫೈ ಕಾಣದಿದ್ದರೆ ಇನ್‌ಸ್ಟಾಲ್ ಆದ ಮೇಲೂ ತಾನಾಗಿ ಕಾಣುವುದು ಅನುಮಾನ. ವಿಂಡೋಸ್ ಉಳಿಸಿಕೊಳ್ಳುವುದಾದರೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ವಿಂಡೋಸ್ ಬೇಗ ಶುರುವಾಗಲೆಂದಿರುವ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ದರೆ ಮಿಂಟ್‌ನಿಂದ ವಿಂಡೋಸ್ ಡ್ರೈವ್‌ಗಳಿಗೆ ಬರೆಯಲು ಆಗದಿರಬಹುದು. ‘ಇರೇಸ್ ಡಿಸ್ಕ್’ ಆಯ್ಕೆ ಡಿಸ್ಕನ್ನು ಪೂರ್ತಿ ಅಳಿಸುತ್ತದೆ. ಫೋಟೊ, ಕಡತಗಳನ್ನು ಮೊದಲೇ ಬೇರೆಡೆ ನಕಲು ಮಾಡಿಡಿ.

ಪ್ರಶ್ನೆ: ಮಿಂಟ್‌ನಲ್ಲಿ ನುಡಿಯ ಕೀಬೋರ್ಡ್ ಸಿಗುತ್ತದೆಯೇ? ಹಳೆಯ ನುಡಿ ಫೈಲ್‌ಗಳು ತೆರೆಯುತ್ತವೆಯೇ?
– ಶಿಕ್ಷಕಿ, ಗದಗ

ಉತ್ತರ: ನುಡಿ ತಂತ್ರಾಂಶ ಬೇಡ, ಅದರ ಕಗಪ ಕೀಬೋರ್ಡ್ ವಿನ್ಯಾಸ ಸಿಗುತ್ತದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಕನ್ನಡ ಟೈಪಿಂಗ್‌ಗೆ ಬೇಕಾದ ಐಬಸ್-ಎಂ17ಎನ್ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್ ಔಟ್ ಮಾಡಿ ಬನ್ನಿ. ನಂತರ ಐಬಸ್ ಪ್ರಿಫರೆನ್ಸಸ್‌ನ ಕನ್ನಡ ಪಟ್ಟಿಯಿಂದ ಕೆಜಿಪಿ (ಅಂದರೆ ಕಗಪ) ಸೇರಿಸಿ. ಲಾಗ್ ಔಟ್ ಮರೆತರೆ ಪಟ್ಟಿಯಲ್ಲಿ ಏನೂ ಕಾಣದೆ ಗೊಂದಲವಾಗುತ್ತದೆ.

ಯೂನಿಕೋಡ್ ಎಂಬ ಸಾರ್ವತ್ರಿಕ ಅಕ್ಷರ ಸಂಕೇತದಲ್ಲಿರುವ ಕಡತಗಳು ಲಿಬ್ರೆಆಫೀಸ್‌ನಲ್ಲಿ ತೆರೆಯುತ್ತವೆ. ಹಳೆಯ ಆಸ್ಕಿ ಕಡತಗಳು ಮಾತ್ರ ಇಂಗ್ಲಿಷ್ ಅಕ್ಷರಗಳ ರಾಶಿಯಂತೆ ಕಾಣುತ್ತವೆ. ಏಕೆಂದರೆ ಅವುಗಳ ಒಳಗಿರುವುದು ಆ ಅಕ್ಷರಗಳೇ, ಕನ್ನಡದ ರೂಪ ಕೊಡುತ್ತಿದ್ದುದು ಫಾಂಟ್. ವಿಂಡೋಸ್ ತೆಗೆಯುವ ಮೊದಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ಓದಿ ನೋಡಿ.